ಪಾತಿಯ ಅಂಚಿಗೆ ಬ್ಲಾಕ್ ಕತ್ತರಿಸುವುದು: ಗೆರೆ ತಪ್ಪದ ಹಾಗೆ, ಹಂತ ಹಂತವಾಗಿ

ಮೂರು ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. "ಮೇಲಿಂದ ನೇರವಾಗೇ ಕತ್ತರಿಸಿದೆ, ತಿರುಗಿಸಿ ನೋಡಿದರೆ ಆ ಕಡೆ ಅರ್ಧ ಇಂಚು ಓಡಿಹೋಗಿದೆ." "ಸುತ್ತಿಗೆ ಏಟು ಬಿದ್ದ ತಕ್ಷಣ ಮೂಲೆ ಕಿತ್ತುಬಂತು." "ಎಲ್ಲ ಕತ್ತರಿಸಿಟ್ಟೆ, ಜೋಡಿಸಲು ಹೋದರೆ ಕೊನೆಯ ಕಲ್ಲು ಕೂರುತ್ತಿಲ್ಲ." ಮೊದಲನೆಯದು ಗೆರೆ ಎಳೆಯುವಾಗಲೇ ಆದ ತಪ್ಪು. ಎರಡನೆಯದು ಆತುರ. ಮೂರನೆಯದು ಕೆಲಸದ ಕ್ರಮ ತಲೆಕೆಳಗಾದದ್ದು. ಗ್ರೈಂಡರನ್ನು ಸುಮ್ನೆ ಬೈಯುತ್ತೇವೆ, ಅಷ್ಟೆ.

ನಮ್ಮ ಕಡೆ ಎಲ್ಲೆಲ್ಲೂ ಸಿಗುವ 16 × 8 × 4 ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಸುಮಾರು 400 × 200 × 100 ಮಿ.ಮೀ. ಆಗುತ್ತದೆ, 16–18 ಕೆ.ಜಿ. ತೂಗುತ್ತದೆ. ಕೈತೋಟದ ಅಂಚಿಗೆ ಇದನ್ನು 8 ಇಂಚು ಎತ್ತರಕ್ಕೆ ನಿಲ್ಲಿಸಿ, ಮೂರು ಇಂಚು ಮಣ್ಣೊಳಗೆ ಹೂತು ಕೂರಿಸುತ್ತಾರೆ. ಶಹಾಬಾದ್ ಕಲ್ಲು, ಗ್ರಾನೈಟ್, ಜಂಬಿಟ್ಟಿಗೆ ಇರುವವರಿಗೆ ಕೊನೆಯಲ್ಲಿ ಬೇರೆಯಾಗಿ ಹೇಳಿದ್ದೇನೆ.

ಮೊದಲು ಸಾಮಾನು

4 ಇಂಚಿನ ಆಂಗಲ್ ಗ್ರೈಂಡರ್ ಅಥವಾ ಮಾರ್ಬಲ್ ಕಟರ್, ಎರಡರಲ್ಲಿ ಒಂದಿದ್ದರೆ ಸಾಕು. ಹೊಸದಾಗಿ ಕಲಿಯುವವರಿಗೆ ಮಾರ್ಬಲ್ ಕಟರ್ ಮೇಲು. ಅದರ ತಳದ ತಗಡು ಕಲ್ಲಿನ ಮೇಲೆ ಕೂತು ಜಾರುತ್ತದೆ, ಕೈ ಅಲುಗಿದರೂ ಬ್ಲೇಡ್ ಅಷ್ಟು ಸುಲಭವಾಗಿ ಓರೆಯಾಗುವುದಿಲ್ಲ. ಕೆಲವು ಮಾದರಿಗಳಿಗೆ ನೀರಿನ ಪೈಪು ಸಿಕ್ಕಿಸಲೂ ಬರುತ್ತದೆ.

ಬ್ಲೇಡ್ ಡೈಮಂಡ್‌ನದೇ ಆಗಿರಲಿ, ಅಂಚಿನಲ್ಲಿ ಬಿಟ್ಟು ಬಿಟ್ಟು ಸೀಳಿರುವ ಸೆಗ್ಮೆಂಟ್ ಜಾತಿಯದು. ಕಾಂಕ್ರೀಟಿಗೆ ಅದು ಸರಿ. ಅಂಚು ಪೂರ್ತಿ ಒಂದೇ ಸಮ ಇರುವ ಬ್ಲೇಡ್ ಟೈಲ್ಸ್‌ಗೆ, ಅದೂ ನೀರು ಹಾಕಿಕೊಂಡು. ಬ್ಲೇಡ್ ಮೇಲೆ ಬರೆದಿರುವ ಗರಿಷ್ಠ ಆರ್‌ಪಿಎಂ ನಿಮ್ಮ ಮೆಷಿನ್‌ನದ್ದಕ್ಕಿಂತ ಜಾಸ್ತಿ ಇರಬೇಕು. 4 ಇಂಚಿನ ಗ್ರೈಂಡರ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತವೆ. ಬ್ಲೇಡ್ ಮೇಲಿನ ಬಾಣದ ಗುರುತು ಮೆಷಿನ್ ತಿರುಗುವ ದಿಕ್ಕಿಗೇ ಇರಲಿ. ಗಾರ್ಡ್ ಬಿಚ್ಚಿ 5 ಇಂಚಿನ ಬ್ಲೇಡ್ ತುರುಕುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅದನ್ನು ಮಾತ್ರ ಮಾಡಬೇಡಿ.

ಇನ್ನು ಅಗಲ ಬಾಯಿಯ ಉಳಿ, ಎರಡು ಪೌಂಡಿನ ಸುತ್ತಿಗೆ, ಮೂಲೆಮಟ್ಟ, ಟೇಪು, ನೂಲುಹುರಿ, ಎರಡು ಗೂಟ, ಬಡಗಿಗಳು ಬಳಸುವ ಚಪ್ಪಟೆ ಪೆನ್ಸಿಲ್. ಸೀಮೆಸುಣ್ಣ ಬೇಡ. ಅದರ ಗೆರೆಯೇ ಮೂರು ನಾಲ್ಕು ಮಿ.ಮೀ. ದಪ್ಪ, ನೀರು ಬಿದ್ದರೆ ಅದೂ ಇರುವುದಿಲ್ಲ. ಒಂದು ಅಗಲ ಬಾಂಡ್ಲಿ ಅಥವಾ ಹಳೆಯ ಹಲಗೆ ಪೆಟ್ಟಿಗೆ, ಅದಕ್ಕೆ ಎರಡು ಇಂಚು ಎಂ ಸ್ಯಾಂಡ್. ಈ ಮರಳಿನ ಹಾಸಿಗೆಯನ್ನು ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅರ್ಧ ಒಡಕು ತಪ್ಪುವುದು ಇದರಿಂದ.

ಮೈಗೆ: ಪಕ್ಕ ಮುಚ್ಚಿದ ಕನ್ನಡಕ, ಎನ್95 ಮಾಸ್ಕ್, ಕಿವಿಗೆ ಪ್ಲಗ್, ಗಟ್ಟಿ ಷೂ. ಲುಂಗಿ, ಶಾಲು, ದುಪಟ್ಟಾ ಆ ಹೊತ್ತಿಗೆ ಬೇಡ. ಕಾಂಕ್ರೀಟ್, ಗ್ರಾನೈಟ್ ಎರಡರ ದೂಳಿನಲ್ಲೂ ಸಿಲಿಕಾ ಇರುತ್ತದೆ. ಶ್ವಾಸಕೋಶಕ್ಕೆ ಹೋಗಿ ಕೂತರೆ ಅದು ವಾಪಸ್ ಬರುವುದಿಲ್ಲ, ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯೂ ಅಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಆಗುವುದಿಲ್ಲ.

ಹಂತ 1: ಬ್ಲಾಕ್ ಕತ್ತರಿಸಲು ಯೋಗ್ಯವೇ ನೋಡಿ

ಕಾಂಕ್ರೀಟ್ ಚೆನ್ನಾಗಿ ಗಟ್ಟಿಯಾಗಲು 28 ದಿನ ಬೇಕು. ಲಾರಿಯಲ್ಲಿ ಬರುವ ಬ್ಲಾಕ್ ಎಷ್ಟೋ ಸಲ ಹತ್ತು ದಿನದ್ದೂ ಇರುವುದಿಲ್ಲ. ಅಂಚನ್ನು ಹೆಬ್ಬೆರಳಿಂದ ಜೋರಾಗಿ ಉಜ್ಜಿ. ಮರಳು ಉದುರಿದರೆ ಇನ್ನೂ ಹಸಿ ಅಂತ ಅರ್ಥ. ಅಂಥದ್ದನ್ನು ನೆರಳಲ್ಲಿಟ್ಟು ದಿನಾ ನೀರು ಹೊಡೆದು ಎರಡು ಮೂರು ವಾರ ಕಾಯಿರಿ. ಹಸಿ ಬ್ಲಾಕ್ ಬೆಣ್ಣೆ ಹಾಗೆ ಕತ್ತರಿಸುತ್ತದೆ, ಖುಷಿಯಾಗುತ್ತದೆ, ಆದರೆ ಅಂಚು ಬಿಸ್ಕತ್ ಹಾಗೆ ಉದುರುತ್ತದೆ.

ಆಮೇಲೆ ಒಂದು ಕೈಯಲ್ಲಿ ವಾಲಿಸಿ ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಸಂತೆಯಲ್ಲಿ ಮಡಕೆ ಬಡಿದು ನೋಡುವುದಿಲ್ಲವೇ, ಹಾಗೆಯೇ. 'ಟಣ್' ಅಂದರೆ ಸರಿ. 'ದಬ್' ಅಂದರೆ ಒಳಗೆಲ್ಲೋ ಬಿರುಕಿದೆ. ಅದನ್ನು ಕತ್ತರಿಸದೆ ಇಡಿಯಾಗಿ ನೇರ ಸಾಲಿಗೆ ಹಾಕಿ.

ಒಂದೇ ಲೋಡಿನ ಬ್ಲಾಕ್‌ಗಳೂ ಉದ್ದದಲ್ಲಿ ಮೂರು ನಾಲ್ಕು ಮಿ.ಮೀ. ಹೆಚ್ಚು ಕಡಿಮೆ ಇರುತ್ತವೆ. ಹತ್ತನ್ನಾದರೂ ಅಳೆದು ನೋಡಿ. 16 ಇಂಚು ಅಂತ ಅಂಗಡಿಯವನು ಹೇಳಿದ್ದನ್ನು ನಂಬಿ ಲೆಕ್ಕ ಹಾಕಬೇಡಿ.

ಹಂತ 2: ಒಣಗಿಯೇ ಜೋಡಿಸಿ, ಇನ್ನೂ ಕತ್ತರಿಸಬೇಡಿ

ಕಾಲುವೆ ತೋಡಿ, ತಳ ಗಟ್ಟಿಮಾಡಿ, ನೂಲು ಕಟ್ಟಿದ ಮೇಲೆ ಇಡೀ ಬ್ಲಾಕ್‌ಗಳನ್ನೆಲ್ಲ ಸಿಮೆಂಟ್ ಇಲ್ಲದೆ ಸಾಲಾಗಿ ಇಟ್ಟುಬಿಡಿ. ಸಂದಿಗೆ ಎಷ್ಟು ಬಿಡುತ್ತೀರೋ ಅಷ್ಟೇ ದಪ್ಪದ ಮರದ ಚೂರು ನಡುವೆ ಇಡಿ, ಸಾಮಾನ್ಯವಾಗಿ 10 ಮಿ.ಮೀ. ಎಲ್ಲೆಲ್ಲಿ ತುಂಡು ಬೇಕು ಅನ್ನುವುದು ಈಗ ಕಣ್ಣಿಗೆ ಕಾಣುತ್ತದೆ. ಆ ಜಾಗವನ್ನೇ ಟೇಪಿನಿಂದ ಅಳೆಯಿರಿ. ಮೇಲೆ ಒಂದು ಸಲ, ಬುಡದಲ್ಲಿ ಒಂದು ಸಲ.

ನಾನು ಮೊದಲ ಸಲ ಮಾಡಿದ್ದು ಇದಕ್ಕೆ ಉಲ್ಟಾ. ಭಾನುವಾರ ಬಾಡಿಗೆ ಮೆಷಿನ್ ತಂದಿದ್ದೆ, ಸಂಜೆ ವಾಪಸ್ ಕೊಡಬೇಕು. ಕಾಗದದ ಮೇಲೆ ಲೆಕ್ಕ ಹಾಕಿ ಹನ್ನೆರಡು ಬ್ಲಾಕ್ ಕತ್ತರಿಸಿ ಗುಡ್ಡೆ ಹಾಕಿದೆ. ಸೋಮವಾರ ಜೋಡಿಸಲು ಕೂತರೆ ಪ್ರತಿಯೊಂದೂ ಒಂದೊಂದು ಬೆರಳು ಗಿಡ್ಡ. ಸಂದಿಯ ಲೆಕ್ಕ ಸರಿಯಾಗಿತ್ತು, ಬ್ಲಾಕ್ ಉದ್ದವೇ 16 ಇಂಚು ಇರಲಿಲ್ಲ. ಗಿಡ್ಡವಾದ ಕಲ್ಲನ್ನು ಉದ್ದ ಮಾಡುವ ಮೆಷಿನ್ ಯಾರೂ ಬಾಡಿಗೆಗೆ ಕೊಡುವುದಿಲ್ಲ.

ನೇರ ಸಾಲಿನ ಕೊನೆಯಲ್ಲಿ ಚಿಕ್ಕ ಚೂರು ಬರುವ ಹಾಗಿದ್ದರೆ ಅದನ್ನು ಹಾಗೇ ಕತ್ತರಿಸಿ ಸಿಕ್ಕಿಸಬೇಡಿ. ನಾಲ್ಕು ಇಂಚಿನ ತುಂಡಿಗೆ ಹಿಡಿತವೇ ಇರುವುದಿಲ್ಲ, ಕಾಲು ತಗುಲಿದರೆ ಅಲ್ಲಾಡುತ್ತದೆ. ಉದಾಹರಣೆಗೆ ಕೊನೆಗೆ 11 ಸೆಂ.ಮೀ. ಉಳಿದಿದೆ ಅನ್ನಿ. ಪಕ್ಕದ ಇಡೀ ಬ್ಲಾಕ್ ತೆಗೆಯಿರಿ. ಜಾಗ 51 ಸೆಂ.ಮೀ. ಆಯಿತು. ನಡುವೆ 1 ಸೆಂ.ಮೀ. ಸಂದಿ ಬಿಟ್ಟರೆ 25 ಸೆಂ.ಮೀ.ನ ಎರಡು ತುಂಡು. ಎರಡು ಸಲ ಕತ್ತರಿಸಬೇಕು ನಿಜ, ಆದರೆ ನೋಡಲು ಒಂದೇ ಅಳತೆ, ಹಿಡಿತವೂ ಗಟ್ಟಿ.

ಮೂಲೆಯಲ್ಲಿ ಫೋಟೋ ಫ್ರೇಮ್ ಹಾಗೆ 45 ಡಿಗ್ರಿ ಓರೆ ಕತ್ತರಿಸುವ ಆಸೆ ಎಲ್ಲರಿಗೂ ಇರುತ್ತದೆ. ಬಿಟ್ಟುಬಿಡಿ. ಓರೆಯ ಚೂಪು ತುದಿ ಒಂದು ಮಳೆಗಾಲ ಕಳೆಯುವುದರಲ್ಲಿ ಮುರಿದಿರುತ್ತದೆ. ಒಂದರ ಮೈಗೆ ಇನ್ನೊಂದರ ತುದಿ ತಾಗಿಸಿ ಇಟ್ಟರೆ ಸಾಕು.

ಹಂತ 3: ನಾಲ್ಕೂ ಮುಖಕ್ಕೆ ಗೆರೆ

ಗೆರೆ ಆಚೀಚೆ ಓಡುವುದು ಇಲ್ಲಿಯೇ. 4 ಇಂಚಿನ ಬ್ಲೇಡ್ ಒಳಗೆ ಇಳಿಯುವುದು 28–30 ಮಿ.ಮೀ. ಮಾತ್ರ. ಬ್ಲಾಕ್ 100 ಮಿ.ಮೀ. ದಪ್ಪ. ಅಂದರೆ ಒಂದೇ ಕಡೆಯಿಂದ ಆಚೆ ದಾಟಿಸಲು ಆಗುವುದೇ ಇಲ್ಲ, ಸುತ್ತಲೂ ಕತ್ತರಿಸಿ ಒಳಗಿನ ತಿರುಳನ್ನು ಮುರಿಯಬೇಕು. ಸುತ್ತಿಬಂದ ಗೆರೆ ಶುರುವಾದ ಜಾಗಕ್ಕೇ ಬಂದು ಸೇರದಿದ್ದರೆ ಮುರಿತವೂ ಸೇರುವುದಿಲ್ಲ.

ಎಲ್ಲ ಅಳತೆಯೂ ಬ್ಲಾಕಿನ ಒಂದೇ ತುದಿಯಿಂದ ಇರಲಿ. ಆ ತುದಿಗೆ ಪೆನ್ಸಿಲಿನಲ್ಲಿ ಒಂದು ಗುಣಿಸು (×) ಗುರುತು ಹಾಕಿಕೊಳ್ಳಿ. ಮೇಲ್ಮುಖದಲ್ಲಿ ಮೂಲೆಮಟ್ಟ ಹಿಡಿದು ಗೆರೆ, ಅದು ಅಂಚು ಮುಟ್ಟಿದ ಕಡೆಯಿಂದ ಪಕ್ಕದ ಮುಖಕ್ಕೆ, ಅಲ್ಲಿಂದ ತಳಕ್ಕೆ, ಮತ್ತೆ ಮೇಲಕ್ಕೆ. ಕೊನೆಯ ಗೆರೆ ಮೊದಲನೆಯದಕ್ಕೆ ಕೂಡಬೇಕು. ಮೇಸ್ತ್ರಿಗಳ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು. ಅರ್ಧ ನೂಲು ತಪ್ಪಿದರೆ ಪರವಾಗಿಲ್ಲ. ಒಂದು ನೂಲಿಗಿಂತ ಜಾಸ್ತಿ ತಪ್ಪಿದರೆ ಬ್ಲಾಕಿನ ತುದಿಯೇ ಸೊಟ್ಟ ಇದೆ ಅಂತ. ಇನ್ನೊಂದು ತುದಿಯಿಂದ ಅಳೆದು ನೋಡಿ, ಇಲ್ಲವೇ ಬ್ಲಾಕ್ ಬದಲಿಸಿ.

ಬ್ಲೇಡ್ ತಾನೂ ಎರಡರಿಂದ ಮೂರು ಮಿ.ಮೀ. ತಿನ್ನುತ್ತದೆ. ಅದು ಬಿಸಾಡುವ ತುಂಡಿನ ಕಡೆ ತಿನ್ನಬೇಕು. ಬಿಸಾಡುವ ಕಡೆಗೆ ದೊಡ್ಡ ಅಡ್ಡಗೀಟು ಎಳೆದುಬಿಡಿ. ಮೆಷಿನ್ ಸದ್ದಿನಲ್ಲಿ ಯಾವ ಕಡೆ ಯಾವುದು ಅನ್ನುವುದು ಖಂಡಿತ ಮರೆಯುತ್ತದೆ.

ಹಂತ 4: ದುಂಡು ಪಾತಿಗೆ ಬೆಣೆ ಲೆಕ್ಕ

ನೇರ ಅಂಚಷ್ಟೇ ಇರುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಮಾವಿನ ಗಿಡಕ್ಕೋ ಸಂಪಿಗೆಗೋ ದುಂಡಗೆ ಕಟ್ಟೆ ಕಟ್ಟುವವರು ನಿಧಾನವಾಗಿ ಓದಿ.

ದುಂಡಗೆ ಜೋಡಿಸಿದಾಗ ಕಲ್ಲಿನ ಒಳಬದಿ ಮುಟ್ಟಿಕೊಳ್ಳುತ್ತದೆ, ಹೊರಬದಿ ಬಾಯಿ ಬಿಡುತ್ತದೆ. ಹಾಗಾಗಿ ಒಳಬದಿಯನ್ನು ಸ್ವಲ್ಪ ಗಿಡ್ಡ ಮಾಡಿ ಕಲ್ಲನ್ನು ಬೆಣೆಯ ಆಕಾರಕ್ಕೆ ತರಬೇಕು. ಎಷ್ಟು ಗಿಡ್ಡ? ಕಲ್ಲಿನ ಉದ್ದವನ್ನು ದಪ್ಪದಿಂದ ಗುಣಿಸಿ, ನಡುಗೂಟದಿಂದ ಹೊರ ಅಂಚಿನವರೆಗಿನ ದೂರದಿಂದ ಭಾಗಿಸಿ. ಎಲ್ಲವೂ ಮಿ.ಮೀ. ಲೆಕ್ಕದಲ್ಲಿ.

ಹೊರ ಅಂಚಿಗೆ ನಾಲ್ಕು ಅಡಿ, ಅಂದರೆ ಹತ್ತಿರ ಹತ್ತಿರ 1200 ಮಿ.ಮೀ. ಅಂದುಕೊಳ್ಳಿ. ಇಡೀ 16 ಇಂಚಿನ ಬ್ಲಾಕ್ ಈ ತಿರುವಿಗೆ ತುಂಬಾ ಉದ್ದ, ಅರ್ಧ ಮಾಡಲೇಬೇಕು. ಅರ್ಧ ಬ್ಲಾಕ್ 200, ದಪ್ಪ 100. 200 × 100 ÷ 1200 ಅಂದರೆ ಸುಮಾರು 17 ಮಿ.ಮೀ. ಒಳಬದಿ ಹೊರಬದಿಗಿಂತ ಅಷ್ಟು ಗಿಡ್ಡವಿರಬೇಕು.

ಹೆಚ್ಚಿನವರು ಮೊದಲು ಬ್ಲಾಕನ್ನು ನಡುವೆ ನೇರವಾಗಿ ಎರಡು ಮಾಡಿ, ಆಮೇಲೆ ಪ್ರತಿ ತುಂಡಿನ ಎರಡೂ ತುದಿಯಿಂದ 8 ಮಿ.ಮೀ.ನ ಬೆಣೆ ಸವರಲು ಹೋಗುತ್ತಾರೆ. ಅಷ್ಟು ತೆಳು ಸವರುವಾಗ ಬ್ಲೇಡಿಗೆ ಹಿಡಿತ ಸಿಗದೆ ಹೊರಗೆ ಜಾರುತ್ತದೆ. ಅದರ ಬದಲು ನಡುವಿನ ಒಂದೇ ಕಟ್ ಓರೆಯಾಗಿ ಹಾಕಿ. ಗುಣಿಸು ಹಾಕಿದ ತುದಿಯಿಂದ ಮುಂದಿನ ಮುಖದಲ್ಲಿ 208 ಮಿ.ಮೀ.ಗೆ ಗುರುತು, ಹಿಂದಿನ ಮುಖದಲ್ಲಿ 192 ಮಿ.ಮೀ.ಗೆ ಗುರುತು. ಮೇಲೂ ಕೆಳಗೂ ಅವೆರಡನ್ನು ಕೂಡಿಸಿ ಓರೆ ಗೆರೆ. ಕತ್ತರಿಸಿದರೆ ಎರಡು ತುಂಡು ಬರುತ್ತವೆ. ಎರಡನೆಯದನ್ನು ನಿಂತಲ್ಲೇ ಅರ್ಧ ಸುತ್ತು ತಿರುಗಿಸಿ ಮೊದಲನೆಯದರ ಪಕ್ಕ ಇಡಿ. ಎರಡೂ ಒಂದೇ ಬೆಣೆ! ಒಂದು ತುದಿ ನೇರ, ಇನ್ನೊಂದು ಓರೆ, ಹೊರಬದಿ ಉದ್ದ, ಒಳಬದಿ ಗಿಡ್ಡ. ಒಂದು ಬ್ಲಾಕಿಗೆ ಒಂದೇ ಕಟ್, ಚೂರೂ ವ್ಯರ್ಥವಿಲ್ಲ. ನನಗೆ ಇದು ಹೊಳೆದದ್ದು ಆ ಹನ್ನೆರಡು ಬ್ಲಾಕ್ ಹಾಳಾದ ಮೇಲೆ, ಕಾಫಿ ಕುಡಿಯುತ್ತಾ ಎರಡು ತುಂಡನ್ನು ಸುಮ್ನೆ ತಿರುಗಿಸುತ್ತಾ ಕೂತಿದ್ದಾಗ.

ನಾಲ್ಕು ಅಡಿಯ ಪೂರ್ತಿ ಸುತ್ತಿಗೆ, ಸಂದಿ 3 ಮಿ.ಮೀ. ಇಟ್ಟರೆ, 36 ತುಂಡು ಬೇಕು. ಅಂದರೆ 18 ಬ್ಲಾಕ್. ಒಡೆಯುವುದಕ್ಕೆ ಅಂತ ಮೂರು ಜಾಸ್ತಿ ತಗೊಳ್ಳಿ. ಬ್ಲಾಕ್‌ಗಳ ಉದ್ದದ ಹೆಚ್ಚು ಕಡಿಮೆಯನ್ನು ಸಂದಿಗಳಲ್ಲೇ ಹಂಚಿಕೊಳ್ಳಬೇಕು.

ಆರು ಅಡಿಯ ಸುತ್ತಾದರೆ ವ್ಯತ್ಯಾಸ 11 ಮಿ.ಮೀ.ಗೆ ಇಳಿಯುತ್ತದೆ. ಹತ್ತು ಅಡಿ ದಾಟಿದರೆ 7 ಮಿ.ಮೀ.ಗೂ ಕಡಿಮೆ. ಅಷ್ಟಕ್ಕೆ ಓರೆ ಬೇಡ, ನೇರ ಅರ್ಧ ಮಾಡಿ ಗಾರೆಯ ಸಂದಿಯಲ್ಲಿ ಸರಿದೂಗಿಸಿ. ಎರಡು ಅಡಿಯ ಪುಟ್ಟ ಸುತ್ತಿಗೆ ಮಾತ್ರ 33 ಮಿ.ಮೀ. ಬರುತ್ತದೆ, ಅದು ಜಾಸ್ತಿಯಾಯಿತು. ಅಲ್ಲಿ ಬ್ಲಾಕನ್ನು ಮೂರು ತುಂಡು ಮಾಡುವುದೇ ದಾರಿ.

ಹಂತ 5: ಮರಳಿನ ಮೇಲೆ ಕೂರಿಸಿ

ಬ್ಲಾಕಿನ ಎರಡು ತುದಿಗೆ ಎರಡು ಇಟ್ಟಿಗೆ ಕೊಟ್ಟು ನಡುವೆ ಕತ್ತರಿಸಲು ಹೋಗಬೇಡಿ. ಆಳಕ್ಕೆ ಹೋದಂತೆ ನಡು ಕುಸಿದು ಸೀಳು ಮುಚ್ಚಿಕೊಳ್ಳುತ್ತದೆ, ಬ್ಲೇಡನ್ನು ಇಕ್ಕಳದ ಹಾಗೆ ಹಿಡಿಯುತ್ತದೆ. ಮೆಷಿನ್ ನಿಮ್ಮ ಕಡೆಗೇ ಹಾರುವುದು ಆಗ. ಮರಳಿನಲ್ಲಿ ಬ್ಲಾಕನ್ನು ಆಚೀಚೆ ತಿಕ್ಕಿ ಕೂರಿಸಿದರೆ ತಳವೆಲ್ಲಾ ಸಮನಾಗಿ ಆತುಕೊಳ್ಳುತ್ತದೆ. ಕೈಯಿಂದ ಒತ್ತಿ ನೋಡಿ. ಕುಲುಕಿದರೆ ಮತ್ತೆ ತಿಕ್ಕಿ.

ಗಾಳಿ ನಿಮ್ಮ ಬೆನ್ನಿಂದ ಬರುವ ಹಾಗೆ ನಿಲ್ಲಿ. ಎಕ್ಸ್‌ಟೆನ್ಷನ್ ವೈರಿನ ಸುರುಳಿ ಪೂರ್ತಿ ಬಿಚ್ಚಿ, ಸುತ್ತಿಟ್ಟರೆ ಬಿಸಿಯಾಗುತ್ತದೆ. ನೀರು ಬಳಸುವುದಾದರೆ ಅದಕ್ಕೆಂದೇ ಪೈಪಿನ ಏರ್ಪಾಡು ಇರುವ ಕಟರ್ ಮಾತ್ರ, ಪ್ಲಗ್ ಇರುವ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಮಾಮೂಲಿ ಗ್ರೈಂಡರಿಗೆ ಯಾರಾದರೂ ಬಾಟಲಿಯಿಂದ ನೀರು ಸುರಿಯುವುದು ಬೇಡ, ಗಾಳಿ ಕಿಂಡಿಯಿಂದ ಮೋಟಾರಿಗೆ ಹೋಗುತ್ತದೆ.

ಹಂತ 6: ಮೊದಲು ಗೀರು, ಆಮೇಲೆ ಆಳ

ಮೊದಲ ಸುತ್ತಿನಲ್ಲಿ ನಾಲ್ಕೂ ಮುಖಕ್ಕೆ ಬರೀ 3 ಮಿ.ಮೀ. ಗೀರು. ಒತ್ತಬೇಡಿ, ಮೆಷಿನ್ನಿನ ಭಾರವೇ ಸಾಕು. ಕೈ ಗೆರೆಯ ಮೇಲೆ ನಿಲ್ಲದಿದ್ದರೆ ಒಂದು ಮರದ ಪಟ್ಟಿಯನ್ನು ಗೆರೆಗೆ ಸಮನಾಗಿ ಕ್ಲಾಂಪ್ ಹಾಕಿ, ಅದಕ್ಕೆ ಒರಗಿಸಿ ಓಡಿಸಿ. ಈ ಗೀರು ಸರಿ ಬಂದರೆ ಮುಂದೆ ಬ್ಲೇಡ್ ತನ್ನ ದಾರಿ ತಾನೇ ಹಿಡಿಯುತ್ತದೆ. ತಪ್ಪಿದರೂ ಈಗ ಸರಿಮಾಡಬಹುದು, 20 ಮಿ.ಮೀ. ಇಳಿದ ಮೇಲೆ ಆಗುವುದಿಲ್ಲ. ಆಳದಲ್ಲಿ ಬ್ಲೇಡನ್ನು ತಿರುಚಿ ದಾರಿಗೆ ತರಲು ಹೋದರೆ ಸೆಗ್ಮೆಂಟ್ ಕಿತ್ತು ಹಾರುತ್ತದೆ.

ಆಮೇಲೆ ಒಂದೊಂದು ಸಲಕ್ಕೆ 8–10 ಮಿ.ಮೀ. ಆಳ ಹೆಚ್ಚಿಸುತ್ತಾ ಹೋಗಿ. ಒಣ ಕಟ್ಟಿಂಗ್‌ನಲ್ಲಿ ಅರ್ಧ ನಿಮಿಷಕ್ಕೊಮ್ಮೆ ಬ್ಲೇಡನ್ನು ಮೇಲೆತ್ತಿ ಗಾಳಿಯಲ್ಲಿ ತಿರುಗಲು ಬಿಡಿ, ತಣ್ಣಗಾಗಲಿ. ಬ್ಲೇಡ್ ನಿಂತ ಮೇಲೆಯೇ ಮೆಷಿನ್ ಕೆಳಗಿಡಿ.

ಬೆಣೆ ಕಟ್ಟಿಗೆ ಒಂದು ವ್ಯತ್ಯಾಸ ಇದೆ. ಆಳದ ಕಟ್ ಮೇಲಿಂದ ಮತ್ತು ತಳದಿಂದ ಮಾತ್ರ ಹಾಕಿ. ಮುಂದೆ ಹಿಂದೆ 5–6 ಮಿ.ಮೀ. ಗೀರು ಸಾಕು. ಕತ್ತರಿಸುವ ಮೈ ಅಲ್ಲಿ ಓರೆಯಾಗಿರುವುದರಿಂದ, ನೇರವಾಗಿ ಆಳಕ್ಕೆ ಹೋದರೆ 5 ಮಿ.ಮೀ.ನಷ್ಟು ತಪ್ಪು ದಾರಿ ಹಿಡಿಯುತ್ತದೆ. ತಳದ ತಗಡನ್ನು ಓರೆ ಮಾಡಲು ಬರುವ ಕಟರ್ ಇದ್ದರೆ ಅದನ್ನು 9–10 ಡಿಗ್ರಿಗೆ ಇಟ್ಟುಕೊಂಡು ಆಳಕ್ಕೆ ಹೋಗಬಹುದು.

ನಿಲ್ಲಿಸಬೇಕಾದ ಸೂಚನೆಗಳು: ಬ್ಲೇಡ್ ತಿರುಗುತ್ತಿದೆ, ದೂಳು ಮಾತ್ರ ಬರುತ್ತಿಲ್ಲ, ಕಿಡಿ ಜಾಸ್ತಿ ಅಂದರೆ ವಜ್ರದ ಕಣ ಮುಚ್ಚಿಹೋಗಿ ಅಂಚು ನುಣುಪಾಗಿದೆ. ಒಂದು ಮೆತ್ತಗಿನ ಇಟ್ಟಿಗೆಯಲ್ಲಿ ನಾಲ್ಕೈದು ಸಲ ಓಡಿಸಿದರೆ ಮತ್ತೆ ಹಲ್ಲು ಬರುತ್ತದೆ. ಬ್ಲೇಡ್ ನೀಲಿ ಬಣ್ಣಕ್ಕೆ ತಿರುಗಿದರೆ ಕಾದುಹೋಗಿದೆ. ಅಡ್ಡಡ್ಡ ಓಲಾಡಿದರೆ, ಸೆಗ್ಮೆಂಟ್ ಬುಡದಲ್ಲಿ ಕೂದಲೆಳೆ ಬಿರುಕು ಕಂಡರೆ ಕಸಕ್ಕೆ. ಮೋಟಾರಿನ ದನಿ ಇದ್ದಕ್ಕಿದ್ದ ಹಾಗೆ ದಪ್ಪಗಾದರೆ ಸೀಳು ಮುಚ್ಚಿಕೊಳ್ಳುತ್ತಿದೆ. ಆಗ ಬ್ಲೇಡನ್ನು ನೇರ ಮೇಲಕ್ಕೆ ತೆಗೆಯಿರಿ, ಪಕ್ಕಕ್ಕೆ ಎಳೆಯಬೇಡಿ.

ಹಂತ 7: ಮುರಿಯುವುದು

ಮೆಷಿನ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಉಳಿಯನ್ನು ಸೀಳಿನಲ್ಲಿ ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಎರಡು ಏಟು. ಉಳಿಯನ್ನು ಎರಡು ಇಂಚು ಸರಿಸಿ ಮತ್ತೆ ಎರಡು ಏಟು. ಹೀಗೆ ನಾಲ್ಕೂ ಮುಖ ಸುತ್ತಿ ಬನ್ನಿ. ಎರಡನೆಯ ಸುತ್ತಿಗೆ ಏಟು ಸ್ವಲ್ಪ ಜೋರು. ಸದ್ದು ಕೇಳುತ್ತಿರಿ: ಮೊದಲು 'ಟಣ್ ಟಣ್' ಅನ್ನುವುದು ಒಂದು ಹಂತದಲ್ಲಿ ಮಂಕಾಗುತ್ತದೆ. ತಿರುಳು ಬಿರುಕು ಬಿಡಲು ಶುರುವಾಗಿದೆ ಅಂತ. ಇನ್ನು ಎರಡು ಮೂರು ಏಟಿಗೆ ಬ್ಲಾಕ್ ತಾನಾಗಿ ಬಾಯಿ ಬಿಡುತ್ತದೆ. ಒಂದೇ ಕಡೆ ಬಲವಾಗಿ ಹೊಡೆದವರಿಗೆ ಮೂಲೆ ಕಿತ್ತುಬರುವುದು ಖಾಯಂ.

ಮುರಿದ ಮುಖದ ನಡುವೆ ಉಬ್ಬು ಇರುತ್ತದೆ. ಅದನ್ನು ಉಳಿಯಿಂದ ತೆಗೆದು, ನಡುಭಾಗವನ್ನು ಅಂಚಿಗಿಂತ ಎರಡು ಮೂರು ಮಿ.ಮೀ. ತಗ್ಗು ಮಾಡಿ. ಆಗ ಪಕ್ಕದ ಕಲ್ಲಿಗೆ ಅಂಚು ಮಾತ್ರ ತಾಗುತ್ತದೆ, ಸಂದಿ ಹೊರಗಿಂದ ಬಿಗಿಯಾಗಿ ಕಾಣುತ್ತದೆ. ತಗ್ಗಿನಲ್ಲಿ ಗಾರೆ ಚೆನ್ನಾಗಿ ಕಚ್ಚುತ್ತದೆ. ಒಳಮೈ ಒರಟಾಗಿದೆ ಅಂತ ಗ್ರೈಂಡರ್ ಹಿಡಿದು ನುಣುಪು ಮಾಡುತ್ತಾ ಕೂರುವುದು ವ್ಯರ್ಥ, ಯಾರೂ ನೋಡುವುದಿಲ್ಲ.

ಹಂತ 8: ಒಂದು ಇಟ್ಟು ನೋಡಿ, ಆಮೇಲೆ ಉಳಿದದ್ದು

ಮೊದಲ ಬ್ಲಾಕಿನ ತುಂಡುಗಳನ್ನು ಜಾಗದಲ್ಲಿಟ್ಟು ನೋಡಿ. ದುಂಡು ಪಾತಿಯಾದರೆ ನಾಲ್ಕು ತುಂಡಾದರೂ ಇಟ್ಟು, ನಡುಗೂಟಕ್ಕೆ ಕಟ್ಟಿದ ನೂಲು ಪ್ರತಿಯೊಂದರ ಹೊರಮೂಲೆಗೂ ತಾಗುತ್ತದೆಯೇ ನೋಡಿ. ಮೂಲೆಗಳು ನೂಲಿನಿಂದ ಒಳಕ್ಕೆ ಸರಿಯುತ್ತಾ ಹೋದರೆ ಬೆಣೆ ಜಾಸ್ತಿಯಾಗಿದೆ, ಹೊರಕ್ಕೆ ಹೋದರೆ ಕಡಿಮೆ. 208, 192ನ್ನು ಒಂದೋ ಎರಡೋ ಮಿ.ಮೀ. ತಿದ್ದಿ ಮುಂದಿನದಕ್ಕೆ ಹೋಗಿ. ಕೊನೆಯ ಎರಡು ತುಂಡನ್ನು ಮಾತ್ರ ಕತ್ತರಿಸದೆ ಉಳಿಸಿಕೊಳ್ಳಿ. ಮಿಕ್ಕಿದ್ದೆಲ್ಲ ಕೂತ ಮೇಲೆ ಉಳಿದ ಜಾಗ ಅಳೆದು ಅವನ್ನು ಕತ್ತರಿಸಿ.

ಕೂರಿಸುವ ಮುಂಚೆ ತುಂಡುಗಳನ್ನು ತೊಳೆಯಿರಿ. ದೂಳು ಅಂಟಿದ ಮೈಗೆ ಗಾರೆ ಹಿಡಿಯುವುದಿಲ್ಲ. ತೊಳೆದ ಕೆಸರು ಗಿಡದ ಬುಡಕ್ಕೆ ಹೋಗದಿರಲಿ, ಸಿಮೆಂಟಿನ ನೀರು ಕ್ಷಾರ, ಕೈಯನ್ನೂ ಸುಡುತ್ತದೆ.

ಬೇರೆ ಕಲ್ಲಾದರೆ

ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಬ್ಲೇಡಿಗೆ ಸುಲಭ. ಒಳ್ಳೆಯ ಮುಖದಿಂದ ಅರ್ಧ ದಪ್ಪ ಕತ್ತರಿಸಿ, ಗೆರೆಯನ್ನು ಮರದ ದಿಮ್ಮಿಯ ಅಂಚಿಗೆ ಹೊಂದಿಸಿ ಒತ್ತಿದರೆ ಮುರಿಯುತ್ತದೆ. ಪದರ ಏಳುವ ಕಲ್ಲಾದರೆ ಪೂರ್ತಿ ಕತ್ತರಿಸುವುದೇ ಒಳ್ಳೆಯದು.

ಗ್ರಾನೈಟ್ ಸೈಜ್ ಕಲ್ಲನ್ನು ಮನೆಯಲ್ಲಿ 4 ಇಂಚಿನ ಮೆಷಿನ್ನಲ್ಲಿ ನಿಖರವಾಗಿ ಕತ್ತರಿಸುವ ಹಟ ಬೇಡ. ಒಂದು ಕಲ್ಲಿಗೆ ಬ್ಲೇಡೂ ತಾಳ್ಮೆಯೂ ಸವೆಯುತ್ತದೆ. ಅಳತೆ ಬರೆದುಕೊಂಡು ಹೋಗಿ, ದೊಡ್ಡ ಮೆಷಿನ್ ಇರುವ ಕಡೆ ಕತ್ತರಿಸಿಕೊಂಡು ಬನ್ನಿ.

ಕರಾವಳಿ, ಮಲೆನಾಡಿನವರ ಪುಣ್ಯ, ಜಂಬಿಟ್ಟಿಗೆ ಮೆತ್ತಗಿನ ಕಲ್ಲು. ನೆಲದಿಂದ ತೆಗೆದ ಹೊಸತರಲ್ಲಿ ಇನ್ನೂ ಮೆತ್ತಗೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತಾ ಹೋಗುತ್ತದೆ. ತಂದ ವಾರದಲ್ಲೇ ಕತ್ತರಿಸಿಬಿಡಿ. ಆದರೆ ಅದರೊಳಗಿನ ತೂತುಗಳಿಂದ ಅಂಚು ಚೂಪಾಗಿ ಬರುವುದಿಲ್ಲ. ಸಂದಿ 12–15 ಮಿ.ಮೀ. ಇಟ್ಟುಕೊಂಡೇ ಲೆಕ್ಕ ಹಾಕಿ.